ಐದು ವರ್ಷದೊಳಗಿನ ಆಧಾರ

ಹೌನ್ಸ್ಲೋ, ಲಂಡನ್
೫ ಅಕ್ಟೋಬರ್ ೨೦೨೪

ಅವ್ವನಿಗೆ ಸ್ಫೂರ್ತಿಯ ನಮಸ್ಕಾರ.

ಫೋನಿರುವಾಗ ಇವಳೇಕೆ ಕಾಗದ ಬರೆದಳು ಎಂದು ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ಪ್ರತಿ ಭಾನುವಾರ ನೀನು ಫೋನ್ ಮಾಡಿ "ಊಟಾತೇನವಾ?" ಎನ್ನುತ್ತೀ, ನಾನು "ಆತು" ಎನ್ನುತ್ತೇನೆ. "ಅಲ್ಲೆ ಥಂಡಿ ಭಾಳ ಅದೇನ?" ಎನ್ನುವಷ್ಟರಲ್ಲಿ ನಾನು ಫೋನನ್ನು ನಿನ್ನ ಅಳಿಯ ನಿತೀಶನ ಕೈಗೆ ಕೊಟ್ಟಿರುತ್ತೇನೆ. ನನ್ನ ಕೂಸು ಹೋದಾಗಿನಿಂದ, ಒಂದೂವರೆ ವರ್ಷ, ತಾಯಿ ಮಗಳ ಮಾತು ಇಷ್ಟೇ. ಈಗ ನಾನು ಕೇಳಬೇಕಾದದ್ದು ಅಷ್ಟರಲ್ಲಿ ಹಿಡಿಸುವುದಿಲ್ಲ.

ಏರ್‌ಪೋರ್ಟಿನ ಕಾರ್ಗೋ ಆಫೀಸು ಬಿಟ್ಟು ನರ್ಸಿಂಗ್ ಕೋರ್ಸಿಗೆ ಸೇರಿದ್ದನ್ನು ಶಂಕರಣ್ಣ ಹೇಳಿರಬೇಕು. ಜನವರಿಯಲ್ಲಿ ಮೊದಲ ದೊಡ್ಡ ಪ್ರಬಂಧ ಒಪ್ಪಿಸಬೇಕು. ಯಾವುದಾದರೂ ಒಂದು ಸಮುದಾಯದ ಹೆರಿಗೆ, ಬಾಣಂತನದ ಪದ್ಧತಿಗಳ ಮೇಲೆ. ನಾನು ಹಿಸ್ಪ್ಯಾನಿಕ್ ಜನರು ಎಂದು ಬರೆದುಕೊಟ್ಟೆ. ಅಂದರೆ ಸ್ಪ್ಯಾನಿಷ್ ಮಾತಾಡುವವರು; ಇಲ್ಲಿ ಕೊಲಂಬಿಯಾ, ಬೊಲಿವಿಯಾದ ಕಡೆಯಿಂದ ಬಂದವರು ಬಹಳ ಇದ್ದಾರೆ. ಅವರನ್ನೇ ಏಕೆ ಆರಿಸಿದೆ ಎಂದು ಈಗ ಕೇಳಬೇಡ.

ಅವರದೂ ನಮ್ಮದೂ ಹೆಚ್ಚುಕಡಿಮೆ ಒಂದೇ ಅವ್ವಾ. ಹಡೆದವಳು ನಲವತ್ತು ದಿನ ಹೊಸ್ತಿಲು ದಾಟುವಂತಿಲ್ಲ. ಅದಕ್ಕೆ ಕ್ವಾರೆಂತೇನಾ ಎನ್ನುತ್ತಾರೆ. ತಲೆಗೆ ಬಟ್ಟೆ, ಹೊಟ್ಟೆಗೆ ಬಿಗಿ ಪಟ್ಟಿ, ತಣ್ಣೀರು ಮುಟ್ಟಬಾರದು, ಬಿಸಿಬಿಸಿ ಕೋಳಿ ಸಾರು. ಆ ಕೋಳಿ ತೆಗೆದು ನಿನ್ನ ಅಳವಿ ಬೀಜದ ಪಾಯಸ ಇಟ್ಟರೆ ಅದು ಧಾರವಾಡವೇ.

ತೊಂದರೆ ಇರುವುದು ಆಧಾರದಲ್ಲಿ. ಬರೆದ ಪ್ರತಿ ಮಾತಿಗೂ ಇದನ್ನು ಯಾರು, ಯಾವಾಗ ಬರೆದರು ಎಂದು ತೋರಿಸಬೇಕು. ಅದೂ ಐದು ವರ್ಷದೊಳಗಿನದಾಗಿರಬೇಕು. ಲೈಬ್ರರಿಯ ಕಂಪ್ಯೂಟರಿನಲ್ಲಿ ಒಂದು ಸಣ್ಣ ಚೌಕವಿದೆ. ಅದರಲ್ಲಿ ಟಿಕ್ ಹಾಕಿದರೆ ಹಳೆಯದೆಲ್ಲ ಮರೆಯಾಗುತ್ತದೆ. ಟಿಕ್ ಹಾಕಿ ಹುಡುಕಿದರೆ ಬರುವುದೆಲ್ಲ ಕೊರೋನಾ! ಊರು ಬಂದ್ ಮಾಡಿ ಜನರನ್ನು ಕೂಡಿಹಾಕಿದ್ದಕ್ಕೂ ಅವರು ಕ್ವಾರೆಂತೇನಾ ಎಂಬ ಅದೇ ಮಾತು ಬಳಸಿದ್ದರಂತೆ. ಪುಟದ ಮೇಲೆ ಪುಟ ಮಾಸ್ಕು, ಲಸಿಕೆ. ಬಾಣಂತಿಯ ನಲವತ್ತು ದಿನವನ್ನು ಕೊರೋನಾ ನುಂಗಿ ನೀರು ಕುಡಿದಿದೆ.

ಹೋಲಿಕೆಗೆಂದು ನಮ್ಮ ಕಡೆಯ ಪದ್ಧತಿಯನ್ನೂ ಬರೆಯಬಹುದು. ಬಲ್ಲವರು ತಾರೀಖು ಹಾಕಿ, ಪೂರ್ತಿ ಹೆಸರು ಬರೆದು ಕಳಿಸಿದ ಪತ್ರವಿದ್ದರೆ ಅದೂ ಆಧಾರವೇ ಎಂದರು ನಮ್ಮ ಮೇಡಂ. ರೊಟ್ಟಿ ಕೇಂದ್ರದಲ್ಲಿ ಕೂತು ಅರ್ಧ ಧಾರವಾಡದ ಬಾಣಂತಿಯರಿಗೆ ಅಂಟಿನ ಉಂಡಿ ಕಟ್ಟಿಕೊಟ್ಟವಳು ನೀನು. ನಿನಗಿಂತ ಬಲ್ಲವರು ಯಾರು?

ಬಾಣಂತಿಗೆ ಏನು ತಿನ್ನಿಸುತ್ತೀರಿ, ಮೈಗೆ ಏನು ಮಾಡುತ್ತೀರಿ, ಯಾಕೆ ಮಾಡುತ್ತೀರಿ, ಬರೆ. ಇನ್ನೊಂದು. ಕೂಸು ಉಳಿಯದಿದ್ದರೆ ಆ ತಾಯಿಗೆ ಬಾಣಂತನ ಮಾಡುತ್ತಾರೋ ಇಲ್ಲವೋ? ಇದನ್ನು ಮರೆಯದೆ ಬರೆ.

ನಿನ್ನ ಮಗಳು,
ಸ್ಫೂರ್ತಿ


ಧಾರವಾಡ
೨೭ ಅಕ್ಟೋಬರ್ ೨೦೨೪

ಮಗಳು ಸ್ಫೂರ್ತಿಗೆ ಅವ್ವನ ಆಶೀರ್ವಾದ. ಇಲ್ಲಿ ನಮ್ಮ ಕೇಂದ್ರದ ನೀಲವ್ವನ ಮೊಣಕಾಲೊಂದನ್ನು ಬಿಟ್ಟರೆ ಎಲ್ಲರೂ ಕ್ಷೇಮ.

ನಿನ್ನ ಕಾಗದ ಕೇಂದ್ರಕ್ಕೇ ಬಂತು. ಪೋಸ್ಟಿನವನು "ಲಂಡನ್ ಪತ್ರಾ!" ಎಂದು ಕೂಗಿದ್ದೇ ತಡ, ಎಲ್ಲರೂ ರೊಟ್ಟಿ ಬಡಿಯುವುದು ಬಿಟ್ಟು ಎದ್ದರು. ಹೆಂಚಿನ ಮೇಲಿದ್ದದ್ದು ಕರಕಾಯಿತು. "ಏನಂತ? ಮತ್ತ ವಿಶೇಷ ಏನರೆ ಐತೇನ?" ಎಂದಳು ನೀಲವ್ವ. "ಸಾಲಿ ಅಭ್ಯಾಸದ್ದವಾ" ಎಂದೆ.

ನೀನು ಕೇಳಿದ್ದಕ್ಕೆ ಉತ್ತರ. ಹಸಿ ಬಾಣಂತಿಗೆ ಮೊದಲು ಮೆತ್ತನೆಯ ಅನ್ನ, ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ. ಐದನೆಯ ದಿನದ ಪೂಜೆ ಆದಮೇಲೆ ಅಂಟಿನ ಉಂಡಿ ಸುರು. ಅಂಟು ತುಪ್ಪದಲ್ಲಿ ಹೂವಿನಂತೆ ಅರಳಬೇಕು. ಅರಳದಿದ್ದರೆ ಹಲ್ಲಿಗೆ ಮೆತ್ತಿಕೊಂಡು ಬಾಣಂತಿ ಕಟ್ಟಿದವಳನ್ನು ಬೈಯುತ್ತಾಳೆ. ಒಣಕೊಬ್ಬರಿ, ಉತ್ತತ್ತಿ, ಗಸಗಸೆ, ಬೆಲ್ಲ ಕೂಡಿಸಬೇಕು. ಈಗಿನವರು ಬೆಲ್ಲ ಕಡಿಮೆ ಹಾಕಿರಿ ಎನ್ನುತ್ತಾರೆ, ಹಾಕಿದ್ದೇವೆ ಎಂದು ಹೇಳಿ ಮೊದಲಿನಷ್ಟೇ ಹಾಕುತ್ತೇವೆ. ಸಬ್ಬಸಿಗೆ ಪಲ್ಯ, ಅಳವಿ ಪಾಯಸ ದಿನಾ ಇರಬೇಕು.

ಮೈಗೆ ಎಣ್ಣೆ ತಿಕ್ಕಿ ಎರೆಯುವುದು. ಎರೆಯುವವಳ ಕೈಯೂ ಕೆಂಪಾಗುವಷ್ಟು ನೀರು ಬಿಸಿ ಇರಬೇಕು. ಹೊಟ್ಟೆ ಕಟ್ಟಲು ಹಳೆಯ ಇಳಕಲ್ ಸೀರೆಯೇ ಆಗಬೇಕು, ಹೊಸದು ಜಾರುತ್ತದೆ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮಂಚದ ಕೆಳಗೆ ಕೆಂಡ.

ಯಾಕೆ ಎಂದು ಕೇಳಿದ್ದೀ. ಗಾಳಿ ಹೊಗಬಾರದು ಎನ್ನುತ್ತಾರೆ, ನರ ಗಟ್ಟಿಯಾಗಬೇಕು ಎನ್ನುತ್ತಾರೆ. ನನ್ನನ್ನು ಕೇಳಿದರೆ, ಹೆಣ್ಣಿಗೆ ಜೀವಮಾನದಲ್ಲಿ ಕೂತಲ್ಲಿಗೆ ಊಟದ ತಾಟು ಬರುವುದು ಆವಾಗ ಒಂದೇ. ಅದಕ್ಕೆ ಮಾಡುತ್ತೇವೆ. ಇದನ್ನು ಬರೆದರೆ ನಿಮ್ಮ ಮೇಡಂ ನಗಬಹುದು, ನೋಡಿಕೊಂಡು ಬರೆ.

ಹಾಳೆ ಮುಗಿಯಿತು. ಅಳಿಯಂದಿರಿಗೆ ಕೇಳಿದೆನೆಂದು ಹೇಳು.

ರತ್ನವ್ವ ದಾನಪ್ಪ ಅಂಗಡಿ
(ಪೂರ್ತಿ ಹೆಸರು ಬೇಕೆಂದಿದ್ದಕ್ಕೆ)


ಹೌನ್ಸ್ಲೋ
೧೪ ನವೆಂಬರ್ ೨೦೨೪

ಅವ್ವಾ,

ನಿನ್ನ ಪತ್ರವನ್ನು ಮೇಡಂ ಮುಂದೆ ಇಂಗ್ಲಿಷಿನಲ್ಲಿ ಓದಿ ಹೇಳಿದೆ. ತಾಟಿನ ಮಾತಿಗೆ ಅವರು ನಗಲಿಲ್ಲ. ಅದನ್ನೇ ಮೊದಲು ಬರೆ ಎಂದರು.

ಹಾಳೆ ಮುಗಿಯಿತು ಎಂದಿದ್ದೀ. ಹಿಂಬದಿ ಪೂರ್ತಿ ಖಾಲಿ ಇತ್ತು.

ನಾನು ಕೇಳಿದ ಕೊನೆಯ ಪ್ರಶ್ನೆಗೆ ಉತ್ತರ ನನಗೆ ಎಲ್ಲೂ ಸಿಗುತ್ತಿಲ್ಲ. ಕಂಪ್ಯೂಟರಿನಲ್ಲಿ ಇರುವ ಬಾಣಂತಿಯರೆಲ್ಲರ ಮಗ್ಗುಲಲ್ಲೂ ಕೂಸು ಇದೆ. ಹೋದ ಶನಿವಾರ ಟ್ಯೂಬ್ ರೈಲು ಹಿಡಿದು ಸೆವೆನ್ ಸಿಸ್ಟರ್ಸಿಗೆ ಹೋದೆ. ಅಲ್ಲಿ ಕೊಲಂಬಿಯಾದವರ ಅಂಗಡಿಸಾಲು ಇದೆ. ಊಟ ಮಾರುವ ಒಬ್ಬ ಹಿರಿಯಳು ಕ್ವಾರೆಂತೇನಾ ಎಂದೊಡನೆ ಕೈಯಲ್ಲಿದ್ದ ಸೌಟು ಬಿಟ್ಟು ತನ್ನ ಮೂರೂ ಹೆರಿಗೆಯ ಕಥೆ ಹೇಳಿದಳು. ನಾನು ಬರೆದುಕೊಂಡೆ. ಆಮೇಲೆ, ಕೂಸು ಸತ್ತು ಹುಟ್ಟಿದರೆ ಏನು ಮಾಡುತ್ತೀರಿ ಎಂದೆ. ಅವಳು ಎದೆಯ ಮೇಲೆ ಶಿಲುಬೆ ಎಳೆದುಕೊಂಡು ಬೇರೆ ಗಿರಾಕಿಯ ಕಡೆ ತಿರುಗಿದಳು. ನನ್ನ ಮುಂದೆ ಸಾರು ಆರುತ್ತಿತ್ತು. ಕುಡಿಯದೆ ಎದ್ದು ಬಂದೆ.

ಈ ಜನರನ್ನೇ ಏಕೆ ಆರಿಸಿದೆ ಎಂದು ಈಗ ಹೇಳುತ್ತೇನೆ. ಆವತ್ತು ಆಸ್ಪತ್ರೆಯಲ್ಲಿ ನೀನು ಇನ್ನೂ ದಾರಿಯಲ್ಲಿದ್ದೆ. ಕೂಸು ಹೊಟ್ಟೆಯಲ್ಲೇ ಹೋಗಿದ್ದರೂ ನಾನು ಎಲ್ಲರ ಹಾಗೆಯೇ ಬೇನೆ ತಿಂದು ಹಡೆದೆ. ಹಡೆದ ಮೇಲೆ ನನ್ನನ್ನು ವಾರ್ಡಿನ ಕೊನೆಯ ಖೋಲಿಗೆ ಹಾಕಿದರು. ಬಾಗಿಲಿಗೆ ಒಂದು ಚಿಟ್ಟೆಯ ಚಿತ್ರ ಅಂಟಿಸಿದ್ದರು. ಈ ಖೋಲಿಗೆ ಹೋದವರು ಅಭಿನಂದನೆ ಹೇಳಬಾರದು ಎಂದು ಅದರ ಅರ್ಥ. ಪಕ್ಕದ ಬಾಗಿಲಿಗೂ ಚಿಟ್ಟೆ ಇತ್ತು. ಅಲ್ಲಿದ್ದವಳು ಕೊಲಂಬಿಯಾದವಳು ಎಂದು ನರ್ಸ್ ಹೇಳಿದಳು. ಅವಳ ಬಾಗಿಲು ಅರ್ಧ ತೆರೆದಿತ್ತು. ಅವಳ ತಾಯಿ ಅವಳನ್ನು ನಿಲ್ಲಿಸಿ, ಉದ್ದನೆಯ ಬಟ್ಟೆಯಿಂದ ಹೊಟ್ಟೆ ಕಟ್ಟುತ್ತಿದ್ದಳು. ತಲೆಗೆ ಶಾಲು ಸುತ್ತಿದಳು. ಫ್ಲಾಸ್ಕಿನಿಂದ ಸಾರು ಬಗ್ಗಿಸಿ ಚಮಚದಿಂದ ಕುಡಿಸಿದಳು. ಕೂಸು ಇರಲಿಲ್ಲ ಅವ್ವಾ. ಆದರೂ ಕಟ್ಟಿದಳು. ಅವಳು ಅಳುತ್ತಿದ್ದಳೋ ಏನೋ, ನನಗೆ ಬೆನ್ನು ಮಾತ್ರ ಕಾಣುತ್ತಿತ್ತು.

ನಾಳೆ ನನ್ನ ಅವ್ವ ಬರುತ್ತಾಳೆ, ನನಗೂ ಹೀಗೇ ಕಟ್ಟುತ್ತಾಳೆ ಎಂದುಕೊಂಡು ಮಲಗಿದೆ.

ಪ್ರಬಂಧದಲ್ಲಿ ಒಂದು ಸಾಲು ಬರೆದಿದ್ದೇನೆ: "ಕೂಸು ಉಳಿಯದಿದ್ದರೂ ಹಡೆದವಳು ಬಾಣಂತಿಯೇ." ಅದಕ್ಕೆ ಆಧಾರ ಬೇಕು. ಹೌದು ಎನ್ನು, ಇಲ್ಲ ಎನ್ನು. ಏನಾದರೂ ಬರೆ.

ಸ್ಫೂರ್ತಿ


ಧಾರವಾಡ
೮ ಡಿಸೆಂಬರ್ ೨೦೨೪

ಮಗಳು ಸ್ಫೂರ್ತಿಗೆ ಆಶೀರ್ವಾದ.

ಪತ್ರ ಮುಟ್ಟಿತು. ಎಳ್ಳಮಾಸಿ ಹಬ್ಬ ಹತ್ತಿರ ಬಂತು, ಕೇಂದ್ರದಲ್ಲಿ ಸಜ್ಜೆ ರೊಟ್ಟಿಯ ಕೆಲಸ ಕೈತುಂಬ ಇದೆ. ನಮ್ಮ ಓಣಿಯ ಮುರಿಗೆಪ್ಪ ಮಗನನ್ನು ನೋಡಲು ಲಂಡನ್ನಿಗೆ ಹೊರಟಿದ್ದಾರೆ. ಅವರ ಕೈಯಲ್ಲಿ ಒಂದು ಡಬ್ಬಿ ಅಂಟಿನ ಉಂಡಿ ಕಳಿಸಿದ್ದೇನೆ. ಬೇರೆಯವರ ಕೈ ಹಚ್ಚಗೊಟ್ಟಿಲ್ಲ, ನಾನೇ ಕಟ್ಟಿದ್ದು. ದಿನಕ್ಕೊಂದು ತಿನ್ನು. ಯಾರಿಗೂ ಕೊಡಬೇಡ, ನೀನೇ ತಿನ್ನು.

ಅವ್ವ


ಹೌನ್ಸ್ಲೋ
೪ ಜನವರಿ ೨೦೨೫

ಅವ್ವಾ,

ಮುರಿಗೆಪ್ಪ ಕಾಕಾ ಡಬ್ಬಿ ತಲುಪಿಸಿದರು. ಮುಚ್ಚಳ ತೆರೆದು ನೋಡಿದೆ, ಮತ್ತೆ ಮುಚ್ಚಿದೆ. ಆಮೇಲೆ ಓಣಿಯ ಆಚೆ ಇರುವ ಪ್ರತೀಕ್ಷಾಳ ಮನೆಗೆ ಹೋಗಿ ಕೊಟ್ಟು ಬಂದೆ. ನೀನು ಕಲಿಸಿದ ದಾರಿ.

ಈ ಸಿಟ್ಟನ್ನು ಹೆಚ್ಚುಕಡಿಮೆ ಎರಡು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡೆ. ಇನ್ನು ಆಗುವುದಿಲ್ಲ. ನೀನು ಬಂದಾಗ ನಿನ್ನ ಪೆಟ್ಟಿಗೆಯ ತುಂಬ ಬಾಣಂತನದ ಸಾಮಾನು ಇತ್ತು. ಅಳವಿ, ಸುಂಠಿ, ಹಳೆಯ ಇಳಕಲ್ ಸೀರೆ, ಉಂಡಿಯ ಡಬ್ಬಿ. ಏರ್‌ಪೋರ್ಟಿನಲ್ಲಿ ನಿತೀಶ ನಿನಗೆ ಸುದ್ದಿ ಹೇಳಿದ. ಮನೆಗೆ ಬಂದವಳು ನನ್ನನ್ನು ತಬ್ಬಿ ಅತ್ತೆ, ಸರಿ. ಮರುದಿನ ನೀನೇ ಉಂಡಿಯ ಡಬ್ಬಿ ತೆಗೆದುಕೊಂಡು ಹೋಗಿ ಪ್ರತೀಕ್ಷಾಳಿಗೆ ಕೊಟ್ಟೆ. ಅವಳು ಆಗಷ್ಟೇ ಹಡೆದಿದ್ದಳು, ಅವಳ ತಾಯಿಗೆ ವೀಸಾ ಸಿಕ್ಕಿರಲಿಲ್ಲ, ಪಾಪ ಎಂದೆ. ಅವಳು ಪಾಪ, ಹಾಗಾದರೆ ನಾನು ಯಾರು? ನಾನು ಕಿಟಕಿಯಲ್ಲಿ ನಿಂತು ನೋಡಿದೆ ಅವ್ವಾ, ನನ್ನ ಉಂಡಿ ಬೇರೆಯವಳ ಮನೆಗೆ ಹೋಗುವುದನ್ನು.

ಇಳಕಲ್ ಸೀರೆ ಪೆಟ್ಟಿಗೆಯಿಂದ ಹೊರಗೆ ಬರಲೇ ಇಲ್ಲ. ನನಗೆ ನೀವೆಲ್ಲ ಉಣ್ಣುವ ರೊಟ್ಟಿ, ಪಲ್ಯ. ಅಷ್ಟರಲ್ಲಿ ನನಗೆ ಹಾಲು ಇಳಿಯಿತು. ಎದೆ ಕಲ್ಲಾಗಿತ್ತು, ಅಂಗಿ ತೊಯ್ಯುತ್ತಿತ್ತು. ನರ್ಸಿಗೆ ಫೋನ್ ಮಾಡಿದರೆ ತಣ್ಣನೆಯದು ಒತ್ತಿಕೋ ಎಂದಳು. ಫ್ರೀಜರಿನ ಬಟಾಣಿ ಚೀಲವನ್ನು ಎದೆಗೆ ಒತ್ತಿಕೊಂಡು ಸೋಫಾದ ಮೇಲೆ ಕೂತಿದ್ದೆ. ನೀನು ನೋಡಿಯೂ ಒಂದು ಮಾತಾಡಲಿಲ್ಲ.

ಆಮೇಲೆ ಶುಕ್ರವಾರ. ದೇವರಿಗೆ ಹೂವು ಬೇಕೆಂದು ನೀನು ನಿತೀಶನನ್ನು ಕರೆದುಕೊಂಡು ನಮ್ಮವರ ಅಂಗಡಿಗಳಿರುವ ಟೂಟಿಂಗಿಗೆ ಹೋದೆ. ಕೈತುಂಬ ಮಲ್ಲಿಗೆ ತಂದು, ಕೂತು ಮಾಲೆ ಕಟ್ಟಿ, ತಾಟಿನಲ್ಲಿಟ್ಟುಕೊಂಡು ನನ್ನ ಖೋಲಿಗೆ ಬಂದೆ. ಕೂಸನ್ನು ಮಣ್ಣು ಮಾಡಿ ವಾರ ಕಳೆದಿಲ್ಲ, ನನ್ನ ಮುಂದೆ ಮಲ್ಲಿಗೆ ಮಾಲೆ! "ಇದು ಹೂ ಮುಡಿಯೂ ಹೊತ್ತೇನವ್ವ?" ಎಂದು ನಾನು ಕಿರುಚಿ ಮಾಲೆ ಕಿತ್ತುಕೊಂಡು ಕಸದ ಡಬ್ಬಿಗೆ ಹಾಕಿದೆ. ಏನೂ ಆಗಿಲ್ಲ, ಎದ್ದು ಹೂವು ಮುಡಿದು ಓಡಾಡು ಎಂದೇ ಅಲ್ಲವೇ ನೀನು ಹೇಳಲು ಬಂದದ್ದು? ನಿನ್ನ ಲೆಕ್ಕಕ್ಕೆ ನಾನು ಹಡೆದೇ ಇಲ್ಲ.

ಪ್ರಬಂಧ ಇದೇ ಇಪ್ಪತ್ತಕ್ಕೆ ಕೊಡಬೇಕು. ಆ ಸಾಲನ್ನು ಆಧಾರವಿಲ್ಲದೆಯೇ ಬಿಡುತ್ತೇನೆ.

ಸ್ಫೂರ್ತಿ


ಹೌನ್ಸ್ಲೋ
೯ ಮಾರ್ಚ್ ೨೦೨೫

ಅವ್ವಾ,

ಎರಡು ತಿಂಗಳಾಯಿತು, ನಿನ್ನಿಂದ ಪತ್ರವಿಲ್ಲ. ಭಾನುವಾರದ ಫೋನೂ ನಿಂತಿತು. ಶಂಕರಣ್ಣ ನೀನು ಆರಾಮಾಗಿದ್ದೀ ಎನ್ನುತ್ತಾನೆ. ಬರೆಯುವುದು ಬೇಡವೆಂದರೆ ಬೇಡ. ಆದರೂ ಏನಾಯಿತೆಂದು ತಿಳಿಸುತ್ತೇನೆ.

ಪ್ರಬಂಧ ಫೇಲಾಯಿತು. ಆಧಾರಗಳು ಕಡಿಮೆ, ಹಳೆಯವು ಹೆಚ್ಚು. ಆ ಸಾಲಿನ ಪಕ್ಕದಲ್ಲಿ, "ಇದು ಯಾರ ಮಾತು? ಆಧಾರ ತೋರಿಸಿ, ಇಲ್ಲವೇ ತೆಗೆಯಿರಿ" ಎಂದು ಬರೆದಿದ್ದರು. ತಿದ್ದಿ ಕೊಡಲು ಒಂದೇ ಅವಕಾಶವಿತ್ತು. ಅದರಲ್ಲೂ ಫೇಲಾದರೆ ಕೋರ್ಸಿನಿಂದ ಹೊರಗೆ. ನಾನು ಈ ಕೋರ್ಸಿಗೆ ಬಂದದ್ದೇ ಚಿಟ್ಟೆ ಅಂಟಿಸಿದ ಆ ಖೋಲಿಗಳಲ್ಲಿ ಕೆಲಸ ಮಾಡುವುದಕ್ಕೆ. ಯಾರಾದರೂ ಒಳಗೆ ಬಂದು ನಿನ್ನ ಹೊಟ್ಟೆ ನೋಯುತ್ತಿದೆಯೇ, ಹಾಲು ಬಂತೇ ಎಂದು ಕೇಳಲಿ ಎಂದು ನಾನಲ್ಲಿ ಕಾದಿದ್ದೆ.

ಸಾಲನ್ನು ತೆಗೆದೆ. ಚಿಟ್ಟೆಯ ಬಾಗಿಲು, ಆ ಕೊಲಂಬಿಯಾದ ತಾಯಿ, ಎಲ್ಲ ತೆಗೆದೆ. ಉಳಿದದ್ದು ಕೊರೋನಾ ಕಾಲದಲ್ಲಿ ಹಿಸ್ಪ್ಯಾನಿಕ್ ಬಾಣಂತಿಯರಿಗೆ ನೆಂಟರು ಬರಲಾಗಲಿಲ್ಲ ಎಂಬ ಮಾತು. ಅದಕ್ಕೆ ಬೇಕಾದಷ್ಟು ಹೊಸ ಆಧಾರಗಳಿವೆ. ಪಾಸಾದೆ. ಚೊಕ್ಕಟವಾಗಿದೆ ಎಂದು ಮೇಡಂ ಬರೆದಿದ್ದಾರೆ.

ಇದೇ ವಾರ ಅವಳು, ನನ್ನ ಕೂಸು, ಹೋಗಿ ಎರಡು ವರ್ಷ. ನಿನಗೆ ನೆನಪಿದೆಯೋ ಇಲ್ಲವೋ ಗೊತ್ತಿಲ್ಲ. ಇನ್ನು ನಿನ್ನನ್ನು ಏನೂ ಕೇಳುವುದಿಲ್ಲ.

ಸ್ಫೂರ್ತಿ


ಧಾರವಾಡ
೩೦ ಮಾರ್ಚ್ ೨೦೨೫

ಸ್ಫೂರ್ತಿ,

ಪುಸ್ತಕದ ಭಾಷೆಯಲ್ಲಿ ಇದನ್ನು ಬರೆಯಲು ನನಗೆ ಬರುವುದಿಲ್ಲ. ಮಾತಾಡಿದ ಹಾಗೆಯೇ ಬರೆಯುತ್ತೇನೆ.

ನಮ್ಮಲ್ಲೆ ಕೂಸು ಹೋದಾಕಿಗೆ ಬಾಣಂತನ ಮಾಡೂದಿಲ್ಲ. ಇದು ನೀ ಕೇಳಿದ್ದಕ್ಕ ಉತ್ತರ. ಎಷ್ಟ ಸಲ ಬರಿಯಾಕ ಕೂತೆ, ಆ ಸಾಲಿಗೆ ಬಂದ್ರ ಕೈ ನಿಲ್ಲತಿತ್ತು. ಮಗಳಿಗೆ ಹೆಂಗ ಬರೀಲಿ ಇದನ್ನ?

ಯಾಕ ಮಾಡೂದಿಲ್ಲ ಅಂತ ಹೇಳತೀನಿ. ಅಂಟಿನ ಉಂಡಿ, ಅಳವಿ, ಸಬ್ಬಸಿಗಿ, ಇವೆಲ್ಲಾ ಹಾಲು ಏರಸತಾವ. ಕುಡಿಯೂ ಕೂಸಿಲ್ಲ, ಹಾಲು ಏರಿದ್ರ ತಾಯಿಗೆ ಜೀವಾ ಹೋದಂಗ ಆಗತದ. ಅದಕ್ಕ ಆ ಡಬ್ಬಿ ಮನ್ಯಾಗ ಇರಬಾರದು ಅಂತ ಒಯ್ದು ಕೊಟ್ಟೆ. ನೀ ಎದ್ದು ಒಂದು ಉಂಡಿ ಬಾಯಾಗ ಹಾಕ್ಕೊಂಡ್ರ ಏನ್ ಮಾಡ್ಲಿ ಅಂತ ಅಂಜಿಕಿ. ಕಿಟಕ್ಯಾಗ ನೀ ನಿಂತೀ ಅಂತ ನನಗ ಗೊತ್ತಿರಲಿಲ್ಲ.

ಇಷ್ಟ ದಿನಾ ಆದಮ್ಯಾಲೆ, ಡಿಸೆಂಬರದಾಗ, ಈಗ ತಿಂದ್ರ ಏನೂ ಆಗೂದಿಲ್ಲ ಅಂತ ಕಟ್ಟಿ ಕಳಿಸಿದ್ದೆ. ತಡಾ ಆದ್ರೂ ನಿನ್ನ ಬಾಣಂತನದ ಉಂಡಿ ನಿನಗ ಮುಟ್ಟಲಿ ಅಂತ. ಅದನ್ನೂ ನೀ ಕೊಟ್ಟು ಬಂದಿ.

ಇನ್ನ ಮಲ್ಲಿಗಿ. ಕೂಸು ಹೋದಾಕಿಗೆ ಹಿರ್ಯಾರು ಮಾಡೂದು ಅದೊಂದ. ಮಲ್ಲಿಗಿ ಮಾಲಿ ಕಟ್ಟಿ ಎದಿಗೆ ಬಿಗದು, ಮ್ಯಾಲೆ ಬಟ್ಟಿ ಸುತ್ತತಾರ. ಹೂವು ಬಾಡಿದಂಗ ಹಾಲು ಬತ್ತತಾವ ಅಂತಾರ. ನಮ್ಮವ್ವ ನನ್ನ ತಂಗಿಗೆ ಕಟ್ಟಿದ್ದನ್ನ ನಾ ಕಣ್ಣಿಲೆ ನೋಡೀನಿ. ನೀ ಆ ಬಟಾಣಿ ಚೀಲಾ ಹಿಡಕೊಂಡು ಕೂತಿದ್ದು ನೋಡಿನ ಮಲ್ಲಿಗಿ ತರಬೇಕು ಅಂದ್ಕೊಂಡೆ. ದೇವರಿಗೆ ಅಂತ ಸುಳ್ಳ ಹೇಳಿ ಅಳಿಯಂದಿರ ಕೂಡ ಟೂಟಿಂಗಿಗೆ ಹೋಗಿ ತಂದೆ. ಅವರ ಮುಂದ ಎದಿ ಮಾತು ಹೆಂಗ ಆಡ್ಲಿ? ನೀ ಕಿರಿಚಿದಾಗೂ ಅವರು ಬಾಗಲದಾಗ ನಿಂತಿದ್ರು. ನಾ ಸುಮ್ನ ಅಡಗಿಮನಿಗೆ ಹೋಗಿ ನಿಂತೆ. ಆಮ್ಯಾಲೆ ಹೇಳಬಹುದಿತ್ತು. ಆದ್ರ ನೀ ನನ್ನ ಮಾರಿ ನೋಡೂದ ಬಿಟ್ಟಿದ್ದಿ.

ನೀ ಹಡದ ಇಲ್ಲ ಅಂತ ನಾ ತಿಳದೀನಿ ಅಂತ ಬರದೀಯಲ್ಲ. ಹಡದಾಕಿ ಅಲ್ಲದವರಿಗೆ ಯಾರರೆ ಎದಿಗೆ ಹೂವು ಕಟ್ಟತಾರೇನ ಹುಚ್ಚಿ?

ಆ ದಿನಾ ಮರತೀನಿ ಅಂದ್ಕೊಂಡಿ. ಎರಡೂ ವರ್ಷ ಆ ದಿನ ನಾ ಕೇಂದ್ರಕ್ಕ ಹೋಗಿಲ್ಲ. ನೀಲವ್ವನ್ನ ಕೇಳು.

ಆಧಾರ ಬೇಕಂದಿದ್ದಿ. ಬರಕೋ. ಕೂಸು ಉಳೀಲಿಲ್ಲಂದ್ರೂ ಹಡದಾಕಿ ಬಾಣಂತಿನ. ಇದನ್ನ ಯಾರೂ ಹೇಳಿಲ್ಲ, ನಾ ಹೇಳತೀನಿ.

ರತ್ನವ್ವ ದಾನಪ್ಪ ಅಂಗಡಿ, ಧಾರವಾಡ
ತಾರೀಖು ಮ್ಯಾಲೆ ಹಾಕೀನಿ


ಹೌನ್ಸ್ಲೋ
೧೮ ಏಪ್ರಿಲ್ ೨೦೨೫

ಅವ್ವಾ,

ಪತ್ರ ನಿನ್ನೆ ಸಿಕ್ಕಿತು. ಓದಿ ಲೈಬ್ರರಿಗೆ ಹೋದೆ. ಐದು ವರ್ಷದ ಚೌಕದ ಟಿಕ್ ತೆಗೆದು, ಮಲ್ಲಿಗೆ, ಎದೆಹಾಲು ಎಂದು ಹುಡುಕಿದೆ. ಇದೆ ಅವ್ವಾ. ನಮ್ಮ ದಕ್ಷಿಣದ ಕಡೆಯ ಒಂದು ಆಸ್ಪತ್ರೆಯವರು ಬರೆದದ್ದು, ಹೆಚ್ಚುಕಡಿಮೆ ನನ್ನಷ್ಟೇ ವಯಸ್ಸಿನದು. ಕೂಸು ಹೋದ ತಾಯಂದಿರ ಎದೆಗೆ ಮಲ್ಲಿಗೆ ಮಾಲೆ ಕಟ್ಟಿ ನೋಡಿದ್ದಾರೆ, ಹಾಲು ಬತ್ತಿದ್ದನ್ನು ಅಳೆದು ಬರೆದಿದ್ದಾರೆ. ಆ ಟಿಕ್ಕಿನ ಹಿಂದೆ ಇಷ್ಟು ದಿನವೂ ಇತ್ತು. ಹಳೆಯದೆಂದು ನನಗೆ ಕಾಣಲಿಲ್ಲ.

ಪ್ರಬಂಧ ಮುಗಿದುಹೋಗಿದೆ, ಇನ್ನು ಒಂದಕ್ಷರವನ್ನೂ ಸೇರಿಸುವಂತಿಲ್ಲ. ಕೇಳಿ ಬಂದೆ.

ಆ ಸಲ ನನ್ನ ಹಾಲು ಬತ್ತಲು ಬಹಳ ದಿನ ಹಿಡಿಯಿತು. ಜ್ವರ ಬಂತು. ನೀನು ಧಾರವಾಡಕ್ಕೆ ಹೋದಮೇಲೂ ಅಂಗಿ ತೊಯ್ಯುತ್ತಿತ್ತು, ನಿನಗೆ ಹೇಳಲಿಲ್ಲ. ಕಸದ ಡಬ್ಬಿಯಿಂದ ಎರಡು ದಿನ ಮಲ್ಲಿಗೆಯ ವಾಸನೆ ಬರುತ್ತಿತ್ತು. ತಡೆಯಲಾರದೆ ನಿತೀಶನಿಗೆ ಡಬ್ಬಿಯನ್ನು ಹೊರಗೆ ಇಡು ಎಂದಿದ್ದೆ.

ಪ್ರತೀಕ್ಷಾಳ ಮನೆಗೂ ಹೋದೆ, ಉಂಡಿ ಉಳಿದಿವೆಯೇ ಎಂದು ನಾಚಿಕೆ ಬಿಟ್ಟು ಕೇಳಿದೆ. ಮುಗಿದಿದ್ದವು. ಡಬ್ಬಿಯನ್ನು ತೊಳೆದು ಕೊಟ್ಟಳು.

ಇವತ್ತು ಶುಕ್ರವಾರ. ಟೂಟಿಂಗಿಗೆ ಹೋಗಿ ಮಲ್ಲಿಗೆ ತಂದೆ. ಏಕೆ ತಂದೆನೋ ಗೊತ್ತಿಲ್ಲ. ಕಟ್ಟಿಕೊಳ್ಳಲು ಈಗ ಹಾಲಿಲ್ಲ, ಮುಡಿಯಲು ಮನಸ್ಸಿಲ್ಲ. ಆವತ್ತು ನೀನು ಹೋಗಿ ನಿಂತಿದ್ದೆಯಲ್ಲ, ಅಡುಗೆಮನೆ, ಅಲ್ಲಿ ಇಟ್ಟಿದ್ದೇನೆ.

ನಿನ್ನ ಬಾಣಂತಿ,
ಸ್ಫೂರ್ತಿ